ಒಂದೇ ಊರು, ಹಲವು ಪುಸ್ತಕ: ನಾನು ಇತಿಹಾಸ ಓದುವ ರೀತಿ

ಇತಿಹಾಸ ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಇಡೀ ಭಾರತದ ಇತಿಹಾಸಕ್ಕೆ ಕೈ ಹಾಕಬೇಡಿ ಅಂತಲೇ ನಾನು ಹೇಳುವುದು. ಒಂದು ಊರು ಹಿಡಿಯಿರಿ. ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ.

ನಾನು ಹಿಡಿದದ್ದು ವಿಜಯನಗರ. ಮೊದಲು ಕನ್ನಡದಲ್ಲಿ ಒಂದು ತೆಳ್ಳನೆಯ ಪುಸ್ತಕ ಓದಿ ಮುಗಿಸಿದೆ, ಕಥೆಯ ಹಂದರ ತಲೆಯಲ್ಲಿ ಕೂರಲಿ ಅಂತ. ಆಮೇಲೆ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್'. ಹಳೆಯ ಪುಸ್ತಕ, ಅವನ ಎಷ್ಟೋ ಮಾತನ್ನು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಬಿಡಬಾರದು, ಯಾಕೆಂದರೆ ಹಂಪಿಯನ್ನು ಅದರ ಒಳ್ಳೆಯ ಕಾಲದಲ್ಲಿ ನೋಡಿದ ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ನೂನಿಜ್ ಬರೆದಿಟ್ಟದ್ದರ ಅನುವಾದ ಅದರ ಕೊನೆಯಲ್ಲಿದೆ. ಇಂಟರ್‌ನೆಟ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ.

ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಪಾಯಸ್. 1520ರ ಸುಮಾರಿಗೆ ಬಂದವನು, ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು. ಸಾಧಾರಣ ಎತ್ತರ, ಸ್ವಲ್ಪ ದಪ್ಪನೇ, ಮುಖದ ಮೇಲೆ ಸಿಡುಬಿನ ಕಲೆ ಅಂತ ಬರೆಯುತ್ತಾನೆ. ನಮ್ಮ ಸಿನಿಮಾ, ಕ್ಯಾಲೆಂಡರ್‌ಗಳ ರಾಯ ಹೀಗಿಲ್ಲ, ಅಲ್ವಾ? ಇನ್ನೂ ಬೆಳಕು ಹರಿಯುವ ಮೊದಲೇ ರಾಜ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸಿ, ಪೈಲ್ವಾನನ ಜೊತೆ ಕುಸ್ತಿ ಆಡಿ, ಆಮೇಲೆ ಕುದುರೆ ಹತ್ತುತ್ತಿದ್ದನಂತೆ. ಈ ಪುಟ ಓದಿದ ಮೇಲೆ ಆ ಹೆಸರು ನನಗೆ ಒಬ್ಬ ಮನುಷ್ಯನ ಹೆಸರಾಯಿತು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಪುಸ್ತಕ ಓದಿದರೂ 'ಇದು ಇವರಿಗೆ ಹೇಗೆ ಗೊತ್ತಾಯಿತು?' ಅಂತ ಕೇಳಿಕೊಂಡು ಅಡಿಟಿಪ್ಪಣಿ ನೋಡುತ್ತೇನೆ. 1565ರಲ್ಲಿ ಬಿಜಾಪುರ, ಅಹಮದ್‌ನಗರ ಮುಂತಾದ ದಖ್ಖನಿನ ಸುಲ್ತಾನರು ಸೇರಿ ವಿಜಯನಗರವನ್ನು ಸೋಲಿಸಿದ ಯುದ್ಧದ ವಿವರ ಬಂದಾಗ ಅಲ್ಲಿ ಇತಿಹಾಸಕಾರ ಫಿರಿಷ್ತಾನ ಹೆಸರು ಸಿಗುವುದು ಜಾಸ್ತಿ. ಅವನು ಬಿಜಾಪುರದ ಆಸ್ಥಾನದಲ್ಲಿದ್ದವನು, ಬರೆದದ್ದು ಯುದ್ಧವಾಗಿ ದಶಕಗಳ ಮೇಲೆ. ಅದು ನೆನಪಿದ್ದರೆ ಓದುವ ಎಚ್ಚರವೇ ಬೇರೆ.

ಪಕ್ಕದಲ್ಲಿ ನಕ್ಷೆಯೂ ಬೇಕೇ ಬೇಕು. ಈ ಯುದ್ಧವನ್ನೇ ತಾಳೀಕೋಟೆ ಯುದ್ಧ ಅನ್ನುತ್ತೇವೆ, ಆದರೆ ತಾಳೀಕೋಟೆ ಇರುವುದು ಕೃಷ್ಣೆಯ ಉತ್ತರಕ್ಕೆ. ಕಾಳಗ ನಡೆದದ್ದು ನದಿಯ ದಕ್ಷಿಣದಲ್ಲಿ ಅನ್ನುತ್ತಾನೆ ಸಿವೆಲ್. ಕನ್ನಡದಲ್ಲಿ ಎರಡು ಹಳ್ಳಿಗಳ ಹೆಸರಿನಿಂದ ರಕ್ಕಸಗಿ-ತಂಗಡಗಿ ಯುದ್ಧ ಅನ್ನುವುದೂ ಉಂಟು. ನಕ್ಷೆಯಲ್ಲಿ ಬೆರಳಿಟ್ಟು ನೋಡಿದಾಗಲೇ ಜಾಗದ ಬಗ್ಗೆ ಈ ಜಗಳ ಯಾಕೆ ಅಂತ ತಿಳಿಯುವುದು. ಇಸವಿಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು: ಯುದ್ಧಕ್ಕೆ ಕೆಲವೇ ವರ್ಷ ಮೊದಲು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾ, ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ! ಹಿಂದೂ-ಮುಸ್ಲಿಂ ಯುದ್ಧ ಅಂತ ಒಂದೇ ಸಾಲಿನಲ್ಲಿ ಮುಗಿಸುವ ಪುಸ್ತಕಗಳನ್ನು ನಾನು ಈಗ ನಂಬುವುದಿಲ್ಲ.

ಹಂಪಿಗೆ ಹೋಗುವವರು ಪಾಯಸ್‌ನ ಮಹಾನವಮಿ ಭಾಗವನ್ನಾದರೂ ಓದಿಕೊಂಡು ಹೋಗಿ. ಮಹಾನವಮಿ ದಿಬ್ಬದ ಸುತ್ತ ಕೆತ್ತಿದ ಆನೆ, ಕುದುರೆ, ಕುಣಿಯುವವರು, ಬೇಟೆಗಾರರನ್ನು ಸಾಲಾಗಿ ನೋಡುತ್ತಾ ಹೋದರೆ, ಅವನು ಬರೆದ ಮೆರವಣಿಗೆಯೇ ಕಲ್ಲಿನಲ್ಲಿ ಸಿಗುತ್ತದೆ.

ಈಗ ಓದುತ್ತಿರುವುದು 1565ರ ನಂತರದ ಕಥೆ. ರಾಜಧಾನಿ ಪೆನುಕೊಂಡಕ್ಕೆ, ಆಮೇಲೆ ಚಂದ್ರಗಿರಿಗೆ ಹೋಯಿತು. ರಾಮರಾಯನ ಮನೆತನವಾದ ಅರವೀಡು ವಂಶ ಇನ್ನೂ ಸುಮಾರು 80 ವರ್ಷ ಆಳಿತು. ಎಷ್ಟೋ ಪುಸ್ತಕಗಳು ಹಂಪಿ ಸುಟ್ಟಲ್ಲಿಗೇ ನಿಂತುಬಿಡುತ್ತವೆ. ಈ ಕಾಲದ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಗೊತ್ತಿದ್ದರೆ ದಯವಿಟ್ಟು ಹೇಳಿ.