ಎರಡು ಸಲ ಹಿಡಿದರೆ ಮಾತ್ರ ನಿಲ್ಲುವ ಬ್ರೇಕು

ನಮ್ಮ ತೋಟ ಇರುವುದು ಸಕಲೇಶಪುರದ ಕಡೆ. ಮನೆಯಿಂದ ಕೆಳಗೆ ಹಳ್ಳದ ಪಂಪ್‌ಸೆಟ್‌ವರೆಗೆ ಕಡಿದಾದ ಇಳಿಜಾರು. ಮಳೆಗಾಲದಲ್ಲಿ ಅಲ್ಲಿ ಜೀಪು ಇಳಿಸಿದರೆ ವಾಪಸ್ ಹತ್ತುವುದಿಲ್ಲ, ಬೈಕಿನಲ್ಲಿ ಗೊಬ್ಬರದ ಮೂಟೆ ಸಾಗುವುದಿಲ್ಲ. ಅದಕ್ಕೇ ನಾಲ್ಕು ವರ್ಷದ ಹಿಂದೆ ಒಂದು ಹಳೇ ಎಟಿವಿ ತಂದೆ, ಬೈಕಿನ ಹಾಗೆ ಹ್ಯಾಂಡಲ್ ಇರುವ, ನಾಲ್ಕು ದಪ್ಪ ಚಕ್ರದ ಗಾಡಿ. 250 ಸಿಸಿ, ಪ್ರವಾಸಿಗರನ್ನು ಸುತ್ತಿಸಿ ಸುತ್ತಿಸಿ ಹಣ್ಣಾಗಿದ್ದ ಗಾಡಿ. ರಸ್ತೆಗೆ ನೋಂದಣಿ ಇಲ್ಲ. ಬೇಲಿಯೊಳಗೇ ಅದರ ಸಂಸಾರ.

ಹೋದ ಮಳೆಗಾಲದಲ್ಲಿ ಮುಂದಿನ ಬ್ರೇಕು ಒಂದು ವಿಚಿತ್ರ ಚಾಳಿ ಕಲಿಯಿತು. ಮೊದಲ ಸಲ ಹಿಡಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತಿತ್ತು. ಬಿಟ್ಟು ಇನ್ನೊಂದು ಸಲ ಹಿಡಿದರೆ ಗಟ್ಟಿ. ಇಳಿಜಾರಿನಲ್ಲಿ ಆ ಎರಡನೇ ಸಲಕ್ಕೆ ಪುರುಸೊತ್ತು ಇರುವುದಿಲ್ಲ. ಒಂದು ದಿನ ಕಾಫಿ ಗಿಡದ ಬುಡಕ್ಕೆ ಗುದ್ದಿಯೇ ನಿಲ್ಲಿಸಿದೆ.

ಲಿವರ್ ಮೆತ್ತಗಾದರೆ ಬ್ರೇಕ್ ಆಯಿಲ್ ಹೋಗುವ ಲೈನ್‌ನಲ್ಲಿ ಗಾಳಿ ಸೇರಿದೆ ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಏರ್ ತೆಗೆದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಅದೇ ಕಥೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಬದಲಾಯಿಸಿದೆ. ಒಂದೇ ತಿಂಗಳಲ್ಲಿ ಎಡಗಡೆಯ ಪ್ಯಾಡ್ ಒಂದು ತುದಿಯಲ್ಲಿ 3 ಮಿ.ಮೀ., ಇನ್ನೊಂದು ತುದಿಯಲ್ಲಿ ಕಬ್ಬಿಣಕ್ಕೇ ಬಂದಿತ್ತು. ಕತ್ತರಿಸಿದ ಬೆಲ್ಲದಚ್ಚಿನ ಹಾಗೆ ಓರೆ. ನನಗೆ ಬುದ್ಧಿ ಬಂದದ್ದು ಆಗಲೇ. ಡಿಸ್ಕು ನೇರವಾಗಿ ತಿರುಗುತ್ತಿದ್ದರೆ ಪ್ಯಾಡ್ ಹೀಗೇಕೆ ಸವೆಯುತ್ತದೆ?

ಆಗುತ್ತಿದ್ದದ್ದು ಇಷ್ಟು. ಚಕ್ರದ ಬೇರಿಂಗ್ ಸಡಿಲವಾದರೆ ಹಬ್, ಅಂದರೆ ಚಕ್ರದ ನಡುಭಾಗ, ಓಲಾಡುತ್ತದೆ. ಹಬ್‌ಗೆ ಕೂತ ಡಿಸ್ಕೂ ಜೊತೆಗೆ ಓಲಾಡುತ್ತದೆ. ಓಲಾಡುವ ಡಿಸ್ಕು ಪ್ಯಾಡ್‌ಗಳನ್ನು ತಳ್ಳಿ, ಅವುಗಳನ್ನು ಒತ್ತುವ ಪಿಸ್ಟನ್ನನ್ನು ಒಳಕ್ಕೆ ಕಳಿಸಿಬಿಡುತ್ತದೆ. ಮುಂದಿನ ಸಲ ಲಿವರ್ ಹಿಡಿದಾಗ ಆ ಖಾಲಿ ಜಾಗ ತುಂಬುವುದರಲ್ಲೇ ಒಂದು ಎಳೆತ ಮುಗಿಯುತ್ತದೆ. ಎರಡನೇ ಎಳೆತಕ್ಕೆ ಬ್ರೇಕು. ಗಾಳಿ ಇದ್ದಾಗ ಲಿವರ್ ಸ್ಪಂಜಿನ ಹಾಗಿರುತ್ತದೆ. ಪದೇ ಪದೇ ಹಿಡಿದರೆ ಒಂದಿಷ್ಟು ಮೇಲೆ ಬರಬಹುದು, ಆದರೆ ಕೈಗೆ ಮೆತ್ತಗೇ ಸಿಗುತ್ತದೆ. ನನ್ನದು ಎರಡನೇ ಸಲಕ್ಕೆ ಕಲ್ಲಿನ ಹಾಗೆ. ಈ ವ್ಯತ್ಯಾಸ ಮೊದಲೇ ಹೊಳೆದಿದ್ದರೆ ಒಂದು ಜೊತೆ ಪ್ಯಾಡಿನ ದುಡ್ಡು ಉಳಿಯುತ್ತಿತ್ತು.

ಮುಂಭಾಗ ಜ್ಯಾಕ್ ಮೇಲೆ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟೆ. ಬರೀ ಜ್ಯಾಕ್ ನಂಬಿ ಯಾವತ್ತೂ ಕೈ ಒಳಗೆ ಹಾಕಬೇಡಿ. ಎಡ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿದೆ. ಟಕ್ ಟಕ್ ಅಂತ ಕೈಗೇ ಬಡಿಯಿತು. ಆದರೆ ಇಷ್ಟಕ್ಕೇ ಬೇರಿಂಗ್ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಚಕ್ರದ ಜೋಡಣೆಯನ್ನು ಗಾಡಿಯ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಸವೆದರೂ ಚಕ್ರ ಹೀಗೇ ಆಡುತ್ತದೆ. ತೋಟದ ಹುಡುಗನನ್ನು ಕರೆದು ಬ್ರೇಕ್ ಲಿವರ್ ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದೆ. ಈಗ ಅಲುಗಾಡಿಸಿದರೆ ಸದ್ದಿಲ್ಲ. ಬ್ರೇಕು ಹಿಡಿದಾಗ ಹಬ್ಬೂ ಅದನ್ನು ಹೊತ್ತ ನಕಲ್ (knuckle) ಅನ್ನುವ ಭಾಗವೂ ಒಂದೇ ಆಗಿಬಿಡುತ್ತವೆ, ಬೇರಿಂಗಿನ ಆಟ ನಿಲ್ಲುತ್ತದೆ. ಜಾಯಿಂಟ್ ಹೋಗಿದ್ದರೆ ಬ್ರೇಕು ಹಿಡಿದರೂ ಟಕ್ ಅನ್ನುತ್ತಲೇ ಇರುತ್ತಿತ್ತು. ಸ್ಟೀರಿಂಗ್ ರಾಡಿನ ತುದಿಗೆ ಬೇರೆ ಪರೀಕ್ಷೆ: ಚಕ್ರದ ಎಡ ಬಲ ಹಿಡಿದು ಅಲುಗಾಡಿಸಬೇಕು. ಅದು ಸರಿ ಇತ್ತು.

ಬಿಚ್ಚಲು ಹೋದರೆ ಆಕ್ಸಲ್ ನಟ್ ಬೆರಳಲ್ಲೇ ತಿರುಗಿತು! ಸ್ಪ್ಲಿಟ್ ಪಿನ್ ಇದ್ದದ್ದರಿಂದ ಬಿದ್ದಿರಲಿಲ್ಲ ಅಷ್ಟೇ. ಪ್ಯಾಡೂ ಪಿಸ್ಟನ್ನೂ ಕೂತಿರುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಮೇಲಕ್ಕೆ ಕಟ್ಟಿದೆ. ಬ್ರೇಕ್ ಹೋಸಿನ ಮೇಲೆ ಜೋತು ಬಿಟ್ಟರೆ ಹೋಸು ಒಳಗೇ ಹರಿದುಹೋಗಬಹುದು. ಹಬ್ ಎಳೆದರೆ ಇಟ್ಟಿಗೆ ಬಣ್ಣದ ನೀರು ಸುರಿಯಿತು. ಗ್ರೀಸ್ ಅನ್ನುವ ವಸ್ತುವಿನ ಸುಳಿವೇ ಇಲ್ಲ. ಒಳಗಿನ ಬೇರಿಂಗಿನಲ್ಲಿ ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ಕೇಜ್ ಮುರಿದು ಗುಂಡುಗಳೆಲ್ಲ ಒಂದು ಮೂಲೆಗೆ ಬಂದು ಕೂತಿದ್ದವು.

ಎರಡು ಬೇರಿಂಗ್, ಎರಡರ ನಡುವೆ ಖಾಲಿ. ಅದೇಕೋ ಮನಸ್ಸಿಗೆ ಒಗ್ಗಲಿಲ್ಲ. ಬಲ ಚಕ್ರವನ್ನೂ ಬಿಚ್ಚಿದೆ. ಅಲ್ಲಿ ಎರಡು ಬೇರಿಂಗ್ ನಡುವೆ ಒಂದು ಕಬ್ಬಿಣದ ಕೊಳವೆ. ಸ್ಪೇಸರ್. ಎಡಗಡೆ ಅದೇ ಇಲ್ಲ! ಹಿಂದೆ ಯಾರೋ ಬೇರಿಂಗ್ ಹಾಕುವಾಗ ಬಿಟ್ಟಿದ್ದಾರೆ. ಸ್ಪೇಸರ್ ಇಲ್ಲದೆ ನಟ್ ಬಿಗಿದರೆ ಎರಡೂ ಬೇರಿಂಗಿನ ಒಳ ರೇಸ್‌ಗಳು, ಅಂದರೆ ಒಳಗಿನ ಉಂಗುರಗಳು, ಒಂದಕ್ಕೊಂದು ಹತ್ತಿರ ತಳ್ಳಲ್ಪಟ್ಟು ಗುಂಡುಗಳು ಅಡ್ಡಕ್ಕೆ ಒತ್ತಿಕೊಳ್ಳುತ್ತವೆ, ಚಕ್ರ ಬಿಗಿಯಾಗುತ್ತದೆ. ಆ ಪುಣ್ಯಾತ್ಮ ಚಕ್ರ ತಿರುಗಲಿ ಅಂತ ನಟ್ಟನ್ನೇ ಸಡಿಲ ಬಿಟ್ಟಿರಬೇಕು. ಲೆಕ್ಕ ಸರಿಹೋಯಿತು.

ಬಲಗಡೆಯ ಸ್ಪೇಸರ್ ಸ್ಯಾಂಪಲ್ ಆಗಿ ಹಾಸನಕ್ಕೆ ಒಯ್ದೆ. ಲೇತ್‌ನವರಿಗೆ ಒಂದೇ ಮಾತು ಹೇಳಿದೆ, ಉದ್ದ ಒಂದು ಕೂದಲೆಳೆಯೂ ಕಮ್ಮಿ ಆಗಬಾರದು. ಕಮ್ಮಿಯಾದರೆ ಅದು ಇದ್ದೂ ಇಲ್ಲದ ಹಾಗೆ. "ಸ್ಯಾಂಪಲ್ ಬಿಟ್ಟು ಹೋಗಿ ಸಾರ್, ಕಾಫಿ ಕುಡ್ಕೊಂಡು ಬನ್ನಿ" ಎಂದರು. ವಾಪಸ್ ಬಂದು ವರ್ನಿಯರ್ ಹಿಡಿದು ಅಳೆದೆ. ಎರಡೂ ಒಂದೇ.

ಬೇರಿಂಗ್ ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ನಂಬರ್ ಹೇಳಿ ಸಾಕು. ನನ್ನದರ ಮೇಲೆ 6004-2ಆರ್‌ಎಸ್ ಎಂದು ಕೆತ್ತಿತ್ತು. ಕೊನೆಯ 04 ಅನ್ನು ಐದರಿಂದ ಗುಣಿಸಿದರೆ 20, ಅಂದರೆ ಒಳಗಿನ ತೂತು 20 ಮಿ.ಮೀ. ಹೊರಗೆ 42, ದಪ್ಪ 12. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಜೆಡ್‌ಜೆಡ್ ಅಂತ ತಗಡಿನ ಮುಚ್ಚಳದ್ದೂ ಸಿಗುತ್ತದೆ, ನಮ್ಮ ಕೆಸರಿಗೆ ಅದು ಆಗಿಬರುವುದಿಲ್ಲ. ಎರಡೂ ಚಕ್ರಕ್ಕೆ ನಾಲ್ಕು ಬೇರಿಂಗ್, ಜೊತೆಗೆ ಹೊಸ ಆಯಿಲ್ ಸೀಲ್ ತಂದೆ. ಹಳೇ ಸೀಲ್ ಮತ್ತೆ ಹಾಕುವ ಉಳಿತಾಯ ಬೇಡ.

ಬೇರಿಂಗ್‌ಗಳನ್ನು ರಾತ್ರಿ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಅಮ್ಮ, "ಇದೇನೋ, ಮೀನಿನ ಪಕ್ಕ ಕಬ್ಬಿಣ ಇಟ್ಟಿದ್ದೀಯ?" ಎಂದರು. ತಣ್ಣಗಾದ ಬೇರಿಂಗ್ ಕೂದಲೆಳೆಯಷ್ಟು ಕುಗ್ಗುತ್ತದೆ. ಹಬ್ಬನ್ನು ಬಿಸಿ ನೀರಿನಲ್ಲಿ ಅದ್ದಿ ತೆಗೆದು ಒರೆಸಿದರೆ ಅದು ಒಂಚೂರು ಹಿಗ್ಗುತ್ತದೆ. ಇವೆರಡೂ ಸೇರಿದರೆ ಸುತ್ತಿಗೆಯ ಕೆಲಸ ಅರ್ಧಕ್ಕರ್ಧ ಕಮ್ಮಿ. ಹೊಸದನ್ನು ಒಳಕ್ಕೆ ಕೂರಿಸುವಾಗ ಏಟು ಹೊರ ರೇಸಿಗೆ ಮಾತ್ರ ಬೀಳಬೇಕು. ಒಳ ರೇಸಿಗೆ ಹೊಡೆದರೆ ಆ ಏಟನ್ನು ಗುಂಡುಗಳು ತಿನ್ನುತ್ತವೆ, ಬೇರಿಂಗ್ ಹಾಕಿದ ದಿನವೇ ಕೆಡುತ್ತದೆ. ಹಳೇ ಬೇರಿಂಗಿನ ಹೊರ ರೇಸನ್ನು ಗ್ರೈಂಡರಿನಲ್ಲಿ ಸ್ವಲ್ಪ ಸವೆಸಿ, ಅದನ್ನೇ ಮೇಲಿಟ್ಟು ಬಡಿದೆ. ಮೊದಲು ಟಣ್ ಟಣ್ ಅನ್ನುತ್ತಿದ್ದ ಸದ್ದು ಪೂರ್ತಿ ಕೂತಾಗ ದಪ್ಪಗೆ ಬದಲಾಗುತ್ತದೆ. ಕಿವಿಗೇ ಗೊತ್ತಾಗುತ್ತದೆ. ಒಂದು ಕಡೆಯದ್ದು ಕೂತ ಮೇಲೆ ಸ್ಪೇಸರ್, ಆಮೇಲೆ ಇನ್ನೊಂದು. ಈ ಸಲ ಸ್ಪೇಸರ್ ಹಾಕಿದ್ದೀನಾ ಅಂತ ಎರಡು ಸಲ ಬಗ್ಗಿ ನೋಡಿದೆ.

ಇನ್ನು ಬ್ರೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ 3 ಮಿ.ಮೀ. ಎಂದು ಕೊರೆದಿತ್ತು. ನನ್ನದು 3.3, ಬಚಾವ್. ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಒಂದು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ. ಓರೆ ಸವೆತದಲ್ಲಿ ಅದರ ಪಾಲೂ ಇತ್ತು. ಎಮರಿ ಕಾಗದದಲ್ಲಿ ಉಜ್ಜಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಸಾಮಾನ್ಯ ಗ್ರೀಸ್, ಪೆಟ್ರೋಲ್, ಡೀಸೆಲ್ ಯಾವುದೂ ಇಲ್ಲಿ ಬೇಡ, ರಬ್ಬರ್ ಉಬ್ಬುತ್ತದೆ. ಪಿಸ್ಟನ್ ಒಳಕ್ಕೆ ತಳ್ಳುವ ಮೊದಲು ಮೇಲಿನ ಡಬ್ಬಿಯಿಂದ ಸ್ವಲ್ಪ ಬ್ರೇಕ್ ಆಯಿಲ್ ಸಿರಿಂಜಿನಲ್ಲಿ ತೆಗೆದೆ. ಇಲ್ಲದಿದ್ದರೆ ಉಕ್ಕಿ ಪೇಂಟ್ ತಿನ್ನುತ್ತದೆ.

ಹಳೇ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಮಲೆನಾಡಿನಲ್ಲಿ ತೇವಕ್ಕೇನು ಬರ? ಪೂರ್ತಿ ಬದಲಾಯಿಸಿದೆ. ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿದೆ. ಹುಡುಗ ಲಿವರ್ ಬಳಿ, ನಾನು ಸ್ಪ್ಯಾನರ್ ಬಳಿ.

"ಹಿಡಿ."

"ಹಿಡ್ದೆ ಅಣ್ಣ."

ನಿಪ್ಪಲ್ ಕಾಲು ಸುತ್ತು ಬಿಚ್ಚುವುದು, ಗುಳ್ಳೆ ಹೋಗುವುದು, ಮುಚ್ಚುವುದು.

"ಈಗ ಬಿಡು."

ಮುಚ್ಚುವ ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ. ಆ ಹುಡುಗ ಒಂದು ಸಲ ಫೋನ್ ಸದ್ದಿಗೆ ತಿರುಗಿ ಬಿಟ್ಟೇಬಿಟ್ಟ. ಮತ್ತೆ ಮೊದಲಿಂದ. ಡಬ್ಬಿ ಖಾಲಿಯಾಗದ ಹಾಗೆ ನಡುನಡುವೆ ತುಂಬಿಸುತ್ತಾ ಇದ್ದೆ.

ಆಕ್ಸಲ್ ನಟ್ ಈ ಸಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ಚಕ್ರ ಸಲೀಸಾಗಿ ತಿರುಗಿತು. ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಅಂಗಳದಲ್ಲೇ ಹತ್ತಿಪ್ಪತ್ತು ಸಲ ನಿಧಾನಕ್ಕೆ ಓಡಿಸಿ ನಿಲ್ಲಿಸಿದೆ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಎಂದು. ಆಮೇಲೇ ಇಳಿಜಾರು. ಲಿವರ್ ಮೊದಲ ಸಲಕ್ಕೇ ಹಿಡಿಯಿತು.

ಬಲಗಡೆ ಸ್ಪೇಸರ್ ಇದ್ದರೂ ಆ ಬೇರಿಂಗ್‌ಗಳೂ ಗರಗರ ಅನ್ನುತ್ತಿದ್ದವು. ಅದಕ್ಕೆ ಹಿಂದಿನ ಮೆಕ್ಯಾನಿಕ್ಕನ್ನು ಬೈಯುವ ಹಾಗಿಲ್ಲ, ತಪ್ಪು ನನ್ನದೇ. ಪ್ರತಿ ಸಂಜೆ ಪ್ರೆಶರ್ ವಾಷರ್ ಹಿಡಿದು ಹಬ್ಬಿನ ನಡುವಿಗೇ ನೀರು ಬಿಡುತ್ತಿದ್ದೆ. ಆಯಿಲ್ ಸೀಲ್ ಕೆಸರು ತಡೆಯುತ್ತದೆ, ಆ ರಭಸದ ನೀರನ್ನು ತಡೆಯುವುದಿಲ್ಲ. ಈಗ ಚಕ್ರಕ್ಕೆ ಬಕೆಟ್ ನೀರು, ತೆಂಗಿನ ನಾರಿನ ಬ್ರಷ್. ವಾಷರ್ ಇರುವುದು ಮಡ್‌ಗಾರ್ಡ್ ಅಡಿಗೆ ಮಾತ್ರ.

ಹಿಂದಿನ ಆಕ್ಸಲ್‌ನಿಂದ ಈಚೆಗೆ ಗುಂಯ್ ಅಂತ ಸಣ್ಣ ಸದ್ದು ಬರುತ್ತಿದೆ. ಮೊನ್ನೆ ಹಾಸನಕ್ಕೆ ಹೋದಾಗ ಬೇರಿಂಗ್ ತಂದಿಟ್ಟಿದ್ದೇನೆ. ಸದ್ಯ ಅವು ಮೀನಿನ ಪಕ್ಕದಲ್ಲಿವೆ.