ಗಾಡಿ ಅಗ್ಗಕ್ಕೆ ಸಿಕ್ಕಿತು, ಲೆಕ್ಕ ಆಮೇಲೆ ಶುರುವಾಯಿತು

ನನ್ನ ಹತ್ತಿರ ಒಂದು ಹಳೇ ಮಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರು ಇದೆ. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, 1.8 ಲೀಟರ್ ಎಂಜಿನ್, ಐದು ಗೇರು. ಎರಡನೇ ತಲೆಮಾರಿನದ್ದು, ಅಂದರೆ 1998ರಿಂದ 2005ರವರೆಗೆ ತಯಾರಾದ ಮಾದರಿ. ನಾಲ್ಕು ವರ್ಷದ ಹಿಂದೆ ಕೊಂಡಾಗ ಅದರ ಬೆಲೆ ಒಂದು ಸಾಧಾರಣ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಕಾರಿಗಿಂತ ಕಡಿಮೆ ಇತ್ತು. ‘ಇಷ್ಟೇನಾ?’ ಅನ್ನಿಸಿತ್ತು. ಇಷ್ಟೇ ಅಲ್ಲ ಅನ್ನೋದು ಮೊದಲ ಮಳೆಗೇ ಗೊತ್ತಾಯಿತು.

ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಜನ ಕೇಳೋದು ‘ಎಷ್ಟು ಸ್ಪೀಡು ಹೋಗುತ್ತೆ?’ ಅಂತ. ನಿಜ ಹೇಳಬೇಕೆಂದರೆ ಈಗಿನ ಎಷ್ಟೋ ಮಾಮೂಲಿ ಕಾರುಗಳು ಇದನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಇದರ ಮಜಾ ಬೇರೆ ಕಡೆ ಇದೆ. ತೂಕ ಒಂದು ಟನ್ನಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಎಂಜಿನ್ ಮುಂದಿದ್ದರೂ ಮುಂದಿನ ಅಚ್ಚಿಗಿಂತ ಹಿಂದಕ್ಕೆ ಕೂತಿದೆ. ಹಾಗಾಗಿ ಭಾರ ಮುಂದೆ ಅರ್ಧ, ಹಿಂದೆ ಅರ್ಧ. ತಳ್ಳುವುದು ಹಿಂದಿನ ಚಕ್ರ. ಗಂಟೆಗೆ 50 ಕಿ.ಮೀ.ನಲ್ಲಿ ಒಂದು ತಿರುವು ತೆಗೆದುಕೊಂಡರೂ ಟೈರಿಗೆ ಏನಾಗುತ್ತಿದೆ ಅಂತ ಕೈಗೆ, ಸೊಂಟಕ್ಕೆ ತಿಳಿಯುತ್ತದೆ. ಗೇರ್ ಲಿವರ್ ಮಣಿಕಟ್ಟು ತಿರುಗಿಸಿದಷ್ಟಕ್ಕೇ ಬೀಳುತ್ತದೆ. ‘ಜಿನ್‌ಬಾ ಇತ್ತೈ’ ಅಂತ ಮಜ್ದಾದವರು ಒಂದು ಜಪಾನಿ ಮಾತು ಬಳಸುತ್ತಾರೆ. ಕುದುರೆಯೂ ಸವಾರನೂ ಒಂದೇ ದೇಹ ಅನ್ನೋ ಅರ್ಥ. ಜಾಹೀರಾತಿನ ಮಾತು ಅಂದುಕೊಂಡಿದ್ದೆ. ಒಂದು ವಾರ ಓಡಿಸಿದ ಮೇಲೆ ಸುಮ್ಮನಾದೆ.

ಇದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ, ಬಿಡಿಭಾಗ. 1989ರಲ್ಲಿ ಬಂದ ಈ ಕಾರು 2000ದ ಹೊತ್ತಿಗೇ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅಂತ ಗಿನ್ನೆಸ್ ದಾಖಲೆಗೆ ಸೇರಿತ್ತು. 2016ರಲ್ಲಿ ತಯಾರಾದ ಗಾಡಿಗಳ ಸಂಖ್ಯೆ 10 ಲಕ್ಷ ದಾಟಿತು. ಇಷ್ಟು ಗಾಡಿ ರಸ್ತೆಗಿಳಿದಿದ್ದರೆ ಯಾರಾದರೂ ಅದರ ಸಾಮಾನು ಮಾಡುತ್ತಲೇ ಇರುತ್ತಾರೆ. ಇನ್ನು ಸ್ವಲ್ಪ ದುಡ್ಡು ಸೇರಿಸಿದ್ದರೆ ಹಳೇ ಪೋರ್ಷೆ ಬಾಕ್ಸ್‌ಸ್ಟರ್ ಕೂಡ ಸಿಗುತ್ತಿತ್ತು. ಆಸೆ ಆಗಲಿಲ್ಲ ಅಂತ ಹೇಳಲ್ಲ. ಆದರೆ ಗಾಡಿಯ ಬೆಲೆ ಎಷ್ಟೇ ಇಳಿದರೂ ಅದರ ಬಿಡಿಭಾಗದ ಬೆಲೆ ಇಳಿಯಲ್ಲ. ಅದು ಇನ್ನೂ ಶೋರೂಮಿನ ದಿನಗಳಲ್ಲೇ ಇರುತ್ತದೆ. ಸಾಲದ್ದಕ್ಕೆ ಅದರ ಎಂಜಿನ್ ಸೀಟಿನ ಹಿಂದೆ ಹುದುಗಿದೆ, ಕೈ ಹಾಕೋಕೂ ಕಷ್ಟ. ನಾನು ಸ್ಪ್ಯಾನರ್ ಹಿಡಿಯೋ ಆಸಾಮಿ, ಅದು ನನಗಲ್ಲ ಅಂತ ಬಿಟ್ಟೆ.

ಈಗ ಮಳೆಯ ಕಥೆ. ಕೊಂಡ ತಿಂಗಳಲ್ಲೇ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಕಾಲಿಟ್ಟರೆ ಕಾರ್ಪೆಟ್ ಪಚಪಚ. ಛಾವಣಿ ತೂತಾಗಿದೆ ಅಂತ ಬಟ್ಟೆಯನ್ನೆಲ್ಲ ತಡವಿದೆ. ಬಟ್ಟೆ ಸರಿಯಾಗೇ ಇತ್ತು. ಛಾವಣಿ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ಒಂದು ದೋಣಿಗೆ ಇಳಿದು, ಎರಡೂ ಬದಿಯ ಕೊಳವೆಗಳಲ್ಲಿ ಹರಿದು, ಹಿಂದಿನ ಚಕ್ರದ ಹತ್ತಿರ ಹೊರಗೆ ಹೋಗಬೇಕು. ಆ ಕೊಳವೆಯಲ್ಲಿ ವರ್ಷಗಟ್ಟಲೆ ಕಸ, ಎಲೆ, ಮಣ್ಣು. ಕಟ್ಟಿದ ನೀರು ಒಳಕ್ಕೆ ನುಗ್ಗಿದೆ. ಹೀಗೇ ಬಿಟ್ಟರೆ ಬಾಗಿಲ ಕೆಳಗಿನ ಪಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಉಬ್ಬೋ ಹೊತ್ತಿಗೆ ಒಳಗೆ ತಗಡೇ ಇರಲ್ಲ. ನನ್ನ ಗಾಡಿಯ ಎಡಗಡೆ ಅಂಗೈ ಅಗಲದ ತಗಡು ಕತ್ತರಿಸಿ ಹೊಸದು ವೆಲ್ಡಿಂಗ್ ಮಾಡಿಸಬೇಕಾಯಿತು. ಈಗ ಮಳೆಗಾಲಕ್ಕೆ ಮುಂಚೆ ಮೆತ್ತನೆಯ ನೈಲಾನ್ ದಾರ ತೂರಿಸಿ ಕೊಳವೆ ಬಿಡಿಸುತ್ತೇನೆ, ಒಂದು ಲೋಟ ನೀರು ಹಾಕಿ ಚಕ್ರದ ಹತ್ತಿರ ಬರುತ್ತಾ ನೋಡುತ್ತೇನೆ. ಕಬ್ಬಿಣದ ತಂತಿ ಹಾಕಬೇಡಿ, ಕೊಳವೆ ತೂತಾಗುತ್ತದೆ. ಹತ್ತು ನಿಮಿಷದ ಕೆಲಸ. ಹಿಂದಿನ ಮಾಲೀಕರು ಇದನ್ನು ಮಾಡಿದ್ದರೆ ನನ್ನ ವೆಲ್ಡಿಂಗ್ ಖರ್ಚು ಉಳಿಯುತ್ತಿತ್ತು.

ಟೈಮಿಂಗ್ ಬೆಲ್ಟಿನದು ಇನ್ನೊಂದು ಕಥೆ. ಎಂಜಿನ್ನಿನ ಮೇಲಿನ ವಾಲ್ವುಗಳನ್ನೂ ಕೆಳಗಿನ ಪಿಸ್ಟನ್‌ಗಳನ್ನೂ ಒಂದೇ ತಾಳಕ್ಕೆ ಕುಣಿಸುವ ರಬ್ಬರ್ ಪಟ್ಟಿ ಅದು. ಹೆಚ್ಚುಕಮ್ಮಿ 1 ಲಕ್ಷ ಕಿ.ಮೀ.ಗೊಮ್ಮೆ ಬದಲಿಸಬೇಕು. ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

“ಬೆಲ್ಟ್ ಯಾವಾಗ ಹಾಕಿಸಿದ್ದು ಸರ್?” ಅಂತ ಮೆಕ್ಯಾನಿಕ್ ಕೇಳಿದರು.

“ಹೋದ ವರ್ಷ ಹಾಕಿಸಿದ್ದಾರಂತೆ.”

“ಬಿಲ್ ಇದೆಯಾ?”

“ಇಲ್ಲ.”

“ಅಂತೆ ಅಂದ್ರೆ ಹಾಕಿಸಿಲ್ಲ ಅಂತ ಇಟ್ಕೊಳ್ಳಿ.”

ಕವರ್ ಬಿಚ್ಚಿದಾಗ ಬೆಲ್ಟಿನ ತುಂಬ ಬಿರುಕು. ಇಲ್ಲಿ ಸಾಮಾನಿಗಿಂತ ಕೂಲಿಯೇ ಜಾಸ್ತಿ. ಬಿಚ್ಚಿದ ಜಾಗದಲ್ಲೇ ವಾಟರ್ ಪಂಪ್, ಆಯಿಲ್ ಸೀಲುಗಳು ಇರುವುದರಿಂದ ಅವನ್ನೂ ಬದಲಿಸಿಬಿಟ್ಟೆವು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪು ಬಣ್ಣ ಹೋಗಿ ಕಂದು ತಿರುಗಿತ್ತು. ಅಂದರೆ ಪ್ಲಾಸ್ಟಿಕ್ ಸತ್ವ ಕಳೆದುಕೊಂಡಿದೆ, ಎಲ್ಲೋ ದಾರಿ ಮಧ್ಯೆ ಸೀಳುತ್ತದೆ. ಅದೂ ಹೋಯಿತು.

ಟೈರ್ ಮಾತ್ರ ನನ್ನದೇ ತಪ್ಪು. ಕೊಳ್ಳುವಾಗ ಗೆರೆಗಳ ಆಳ ನೋಡಿ ‘ಹೊಸದರ ಹಾಗಿದೆ’ ಅಂತ ಖುಷಿಪಟ್ಟಿದ್ದೆ. ಒದ್ದೆ ರಸ್ತೆಯ ಒಂದು ತಿರುವಿನಲ್ಲಿ ಹಿಂಭಾಗ ಹೇಳದೆ ಕೇಳದೆ ಜಾರಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಮನೆಗೆ ಬಂದು ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕಿ ಓದಿದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ತಯಾರಾದ ವರ್ಷ. ಟೈರಿಗೆ ಹನ್ನೊಂದು ವರ್ಷ! ಗಾಡಿ ಓಡದೇ ನಿಂತಿದ್ದರಿಂದ ಗೆರೆ ಸವೆದಿರಲಿಲ್ಲ, ರಬ್ಬರ್ ಮಾತ್ರ ಕಲ್ಲಾಗಿತ್ತು. ನಾಲ್ಕೂ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅದು ಬೇರೆಯದೇ ಗಾಡಿ. ಇದರಲ್ಲಿ ಯಾವುದಕ್ಕಾದರೂ ಧಾರಾಳವಾಗಿ ಖರ್ಚು ಮಾಡಬೇಕು ಅಂದರೆ ಅದು ಟೈರಿಗೇ. ನಾನು ಮೊದಲು ಮಾಡಿದ್ದು ಅದಲ್ಲ, ಸದ್ದು ಮಾಡೋ ಸೈಲೆನ್ಸರ್ ಹಾಕಿಸಿದ್ದು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ತಲೆನೋವು. ಹಳೆಯದನ್ನೇ ಮತ್ತೆ ಹಾಕಿಸಿದೆ.

ನಿಂತಿದ್ದರ ಫಲ ಬ್ರೇಕಿನಲ್ಲೂ ಇತ್ತು. ಬ್ರೇಕ್ ಪ್ಯಾಡ್ ಒತ್ತುವ ಹಿಂದಿನ ಕ್ಯಾಲಿಪರ್‌ಗಳು ಜಾಮ್. ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿದರೆ ಮುಗಿಯಿತು.

ಮೊದಲ ವರ್ಷದ ಖರ್ಚು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಗಾಡಿ ಕೊಂಡ ಬೆಲೆಯ ಹತ್ತಿರ ಹತ್ತಿರ ಅರ್ಧ. ಎರಡನೇ ವರ್ಷ ಹತ್ತರಲ್ಲಿ ಒಂದು ಭಾಗ. ಮೊದಲ ವರ್ಷ ನಾನು ಕಟ್ಟಿದ್ದು ನನ್ನ ಬಾಕಿ ಅಲ್ಲ, ಹಿಂದಿನವರು ಮುಂದೂಡುತ್ತಾ ಬಂದ ಬಾಕಿ. ಕೊಳ್ಳುವಾಗಲೇ ಅಷ್ಟು ದುಡ್ಡು ಪಕ್ಕಕ್ಕೆ ಎತ್ತಿಟ್ಟಿದ್ದರಿಂದ ಬಚಾವಾದೆ. ಇಡೀ ದುಡ್ಡು ಗಾಡಿಗೇ ಸುರಿದಿದ್ದರೆ ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಮಾರುತ್ತಿದ್ದೆ. ಪೆಟ್ರೋಲು, ವಿಮೆ ಎಲ್ಲ ಬೇರೆ ಯಾವ ಕಾರಿಗೂ ಇದ್ದದ್ದೇ. ದಿನಾ ಓಡಾಡೋಕೆ ನನಗೆ ಬೇರೆ ಗಾಡಿ ಇದೆ. ಅದಿಲ್ಲದಿದ್ದರೆ ಪ್ರತಿ ರಿಪೇರಿಯೂ ‘ನಾಳೆಯೇ ಬೇಕು’ ಅನ್ನೋ ಅವಸರದ್ದಾಗುತ್ತದೆ, ಅವಸರಕ್ಕೆ ದುಡ್ಡು ಜಾಸ್ತಿ.

ಮೂರನೇ ವರ್ಷ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರಿತ್ತು. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು, ಎರಡು ಬೋಲ್ಟು. ನಾನೇ ಹಾಕಿದೆ. ಪೈಪಿನೊಳಗೆ ಸೇರಿದ ಗಾಳಿ ತೆಗೆಯೋಕೆ ಪೆಡಲ್ ಮೇಲೆ ತಮ್ಮನನ್ನು ಕೂರಿಸಿದೆ. ಗಾಡಿ ಕೆಳಗಿನಿಂದ ‘ಒತ್ತು’, ‘ಹಿಡ್ಕೋ’, ‘ಬಿಡು’ ಅಂತ ನಾನು ಕೂಗೋದು, ಅವನು ಒಂದು ಕೈಯಲ್ಲಿ ಫೋನ್ ನೋಡುತ್ತಾ ಒತ್ತೋದು. ಕೊನೆಗೆ ಬಾಟಲಿ ಎತ್ತುವಾಗ ಒಂದಿಷ್ಟು ಬ್ರೇಕ್ ಆಯಿಲ್ ಮಡ್‌ಗಾರ್ಡ್ ಮೇಲೆ ಚೆಲ್ಲಿದೆ. ಅದು ಪೇಂಟ್ ತಿನ್ನುತ್ತದೆ ಅಂತ ಗೊತ್ತಿದ್ದೂ ಒರೆಸೋದು ತಡವಾಯಿತು. ನಾಣ್ಯದಷ್ಟು ದೊಡ್ಡ ಕಲೆ ಈಗಲೂ ಇದೆ.

ಸದ್ಯಕ್ಕೆ ಬಾಕಿ ಇರೋದು ಛಾವಣಿ. ಬಟ್ಟೆ ಮಡಚುವ ಗೆರೆಯಲ್ಲಿ ಸವೆಯುತ್ತಿದೆ, ಹಿಂದಿನ ಗಾಜು ಒಂದು ಮೂಲೆಯಲ್ಲಿ ಬಟ್ಟೆಯಿಂದ ಬಿಡುತ್ತಿದೆ. ಹೊಸದಕ್ಕೆ ದರ ಕೇಳಿದ್ದೇನೆ. ಮೊದಲ ವರ್ಷದ ಟೈರೂ ಬೆಲ್ಟೂ ಸೇರಿಸಿದಷ್ಟು. ಅಲ್ಲಿಯವರೆಗೆ ಸೀಟಿನ ಹಿಂದೆ ಒಂದು ಟವೆಲ್ ಇಟ್ಟಿದ್ದೇನೆ.