ಹಿಡಿ ತಿರುಗದಿರಲು ಒಂದು ಸಣ್ಣ ಸ್ಕ್ರೂ
ಉಳಿದ ಮರದ ತುಂಡುಗಳಿಂದ ಹಿತ್ತಲಲ್ಲಿ ಹತ್ತುವ ಗೋಡೆ ಮಾಡುತ್ತಿದ್ದೀರಾ? ಪ್ರತಿ ಹಿಡಿಗೂ (ಹತ್ತುವಾಗ ಕೈಕಾಲು ಊರುವ ಮರದ ತುಂಡು) ನಡುವಿನ ಬೋಲ್ಟ್ ಜೊತೆಗೆ ಪಕ್ಕದಲ್ಲಿ ಒಂದು ಸ್ಕ್ರೂ ಹಾಕಿ. ಬರೀ ಬೋಲ್ಟ್ ಇದ್ದರೆ, ಕಾಲು ಒಂದು ತುದಿಗೆ ಬಿದ್ದ ಕೂಡಲೇ ಹಿಡಿ ಗಿರ್ರನೆ ತಿರುಗುತ್ತದೆ. ಎರಡು ಕಡೆ ಕಚ್ಚಿಕೊಂಡಿದ್ದರೆ ಅಲುಗಾಡುವುದಿಲ್ಲ. ಭಾರ ಹೊರುವುದು ಬೋಲ್ಟೇ, ಸ್ಕ್ರೂ ಸುಮ್ನೆ ತಡೆ ಅಷ್ಟೇ. ಮೊದಲು ಸಣ್ಣ ಡ್ರಿಲ್ ಬಿಟ್‌ನಲ್ಲಿ ತೂತು ಕೊರೆದುಕೊಳ್ಳಿ. ಬೋಲ್ಟ್, ಸ್ಕ್ರೂ ಎರಡೂ ಮರದ ಒಂದೇ ಎಳೆಯ ಗೆರೆಯಲ್ಲಿ ಬರಬಾರದು, ಬಂದರೆ ತುಂಡು ಅಲ್ಲೇ ಸೀಳುತ್ತದೆ. ಗಂಟಿರುವ ತುಂಡು ಎಷ್ಟೇ ಚೆಂದ ಕಂಡರೂ ಬೇಡ. ಹಿಡಿಗಳ ಹಿಂದಿರುವ ಪ್ಲೈವುಡ್ ಹಲಗೆ 18 ಮಿ.ಮೀ.ಗಿಂತ ತೆಳುವಾಗಿದ್ದರೆ, ಇಲ್ಲವೇ ಮಳೆಗೆ ನೆನೆದು ಪದರ ಬಿಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಸ್ಕ್ರೂ ಬದಲಿಸಿ ಪ್ರಯೋಜನವಿಲ್ಲ, ಹಲಗೆಯನ್ನೇ ಬದಲಿಸಬೇಕು.